ಅಂಕ ಏರಿದರೆ ಸಾಲದು, ತೊಟ್ಟಿಲು ತೂಗಬೇಕು

ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ ಏರಿಸಲು ಯೋಜನೆಯ ಮೇಲೆ ಯೋಜನೆ ಬಂದಿವೆ. 2015ರಲ್ಲಿ ‘ಕಾಯಕಲ್ಪ’, 2017ರಲ್ಲಿ ಹೆರಿಗೆ ಕೋಣೆಗಳಿಗೆಂದು ‘ಲಕ್ಷ್ಯ’. ತಪಾಸಣೆ, ಅಂಕ, ಬಹುಮಾನ, ಗೋಡೆಗೆ ಪ್ರಮಾಣಪತ್ರ. ಒಳ್ಳೆಯದೇ. ಆಸ್ಪತ್ರೆ ಚೊಕ್ಕಟವಾಗಿರುವುದು ಬೇಡವೆನ್ನುವ ಹುಚ್ಚರು ನಾವಲ್ಲ. ಆದರೆ ನಮ್ಮದೊಂದು ಪ್ರಶ್ನೆ: ಅಂಕ ಏರಿದ ಕಡೆ ಸಾವು ಇಳಿಯಿತೆ?

ನಾವು ಪಾಠ ಹೇಳಿ ಬದುಕಿದವರು. ಇನ್‌ಸ್ಪೆಕ್ಟರು ಬರುವ ದಿನ ಗೋಡೆಗೆ ಸುಣ್ಣ ಬಳಿದು, ಜಾಣ ಹುಡುಗರನ್ನು ಮುಂದಿನ ಸಾಲಿನಲ್ಲಿ ಕೂರಿಸುವ ವಿದ್ಯೆ ನಮಗೆ ಹೊಸದಲ್ಲ. ಆ ಒಂದು ದಿನದ ವರದಿಯಿಂದ ಶಾಲೆಯನ್ನು ಅಳೆದವರು ಮೋಸಹೋದರು.

ಇದು ಬರಿಯ ಅನುಮಾನವಲ್ಲ, ಲೆಕ್ಕವಿದೆ. 2010ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರಿಶೀಲನಾ ಪಟ್ಟಿಯ ಪ್ರಯೋಗ ನಡೆಯಿತು. ಕೈ ತೊಳೆಯುವುದೇ ಮೊದಲಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು. ಪಟ್ಟಿ ಬಂದಮೇಲೆ 25. ಯಾರಿಗೆ ಹಿಗ್ಗಾಗದು? ಆದರೆ ಹೋಲಿಸಿ ನೋಡಲು ಪಟ್ಟಿಯಿಲ್ಲದ ಇನ್ನೊಂದು ಆಸ್ಪತ್ರೆ ಅಲ್ಲಿರಲಿಲ್ಲ. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದ ಮುದುಕಿಯ ಕಥೆ ಎಲ್ಲರೂ ಬಲ್ಲರು. ಕೋಳಿಯಿಲ್ಲದ ಊರಲ್ಲೂ ಬೆಳಗಾಯಿತೋ ಎಂದು ನೋಡಬೇಕಲ್ಲವೆ?

ಆ ಪಟ್ಟಿಯನ್ನು ರೂಪಿಸಿದ ವಿಜ್ಞಾನಿಗಳು ಪ್ರಾಮಾಣಿಕರು, ನೋಡಿಯೇಬಿಟ್ಟರು. 2014ರಿಂದ 2016ರವರೆಗೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ ಅರ್ಧಕ್ಕೆ ಪಟ್ಟಿ ಮತ್ತು ತರಬೇತುದಾರರು, ಅರ್ಧಕ್ಕೆ ಎಂದಿನ ವ್ಯವಸ್ಥೆ. ಒಂದೂವರೆ ಲಕ್ಷಕ್ಕೂ ಮಿಕ್ಕಿದ ತಾಯಂದಿರು. ಎರಡು ತಿಂಗಳಿಗೆ ಪಟ್ಟಿಯ ಕಡೆ ಸರಿಯಾದ ಕ್ರಮಗಳು ಶೇಕಡ 73ರಷ್ಟು, ಇನ್ನೊಂದು ಕಡೆ 42ರಷ್ಟು. ತರಬೇತಿ ಮುಗಿದ ಮೇಲೆ 73 ಇದ್ದದ್ದು 62ಕ್ಕೆ ಇಳಿಯಿತು. ಕೊನೆಗೆ ಏಳು ದಿನಗಳೊಳಗೆ ಮಗುವಿನ ಸಾವು, ತಾಯಿಯ ಸಾವು ಅಥವಾ ತಾಯಿಗೆ ತೀವ್ರ ತೊಡಕು ಕಂಡ ಹೆರಿಗೆಗಳು ಎಷ್ಟು? ಒಂದು ಕಡೆ ಶೇಕಡ 15.1, ಇನ್ನೊಂದು ಕಡೆ 15.3! ಅಂಕದಲ್ಲಿ ಆಕಾಶ–ಭೂಮಿಯ ಅಂತರ. ಸಾವುನೋವಿನಲ್ಲಿ ಕೂದಲೆಳೆಯಷ್ಟೂ ಇಲ್ಲ.

ದಾದಿಯರ ತಪ್ಪೆ? ಅಲ್ಲ. ಪಟ್ಟಿ ಕೈಗೆ ನೆನಪು ಕೊಡಬಲ್ಲುದು. ನಡುರಾತ್ರಿ ರಕ್ತದ ಬಾಟಲಿ ತರಲಾರದು, ಖಾಲಿ ಹುದ್ದೆಗೆ ವೈದ್ಯರನ್ನು ನೇಮಿಸಲಾರದು. ಆ ಕೆಲಸ ಸರ್ಕಾರದ್ದು. ಅಂಕಪಟ್ಟಿ ತೋರಿಸಿ ಅದರಿಂದ ನುಣುಚಿಕೊಳ್ಳಲು ನಾವು ಬಿಡೆವು.

ನಮ್ಮ ಬೇಡಿಕೆ ಇಷ್ಟೆ. ಪ್ರಮಾಣಪತ್ರದ ಪಕ್ಕದಲ್ಲೇ ತಾಯಿ–ಮಕ್ಕಳ ಸಾವಿನ ಲೆಕ್ಕವನ್ನೂ ತೂಗುಹಾಕಿ. ಯೋಜನೆ ತಲುಪದ ಆಸ್ಪತ್ರೆಗಳೊಡನೆ ಹೋಲಿಸಿ ನೋಡಿ. ಬಹುಮಾನ ಕೊಟ್ಟ ವರ್ಷದ ಮೇಲೆ ಹೇಳದೆ ಕೇಳದೆ ಮತ್ತೊಮ್ಮೆ ಬನ್ನಿ. ಎಲ್ಲಕ್ಕಿಂತ ಮೊದಲು ಖಾಲಿ ಹುದ್ದೆ ತುಂಬಿ.

ಹೆರಿಗೆಗೆ ಹೋದ ಮಗಳು ಕೂಸಿನೊಡನೆ ಮನೆಗೆ ಬಂದಳೆ? ಬಡವನ ಮನೆಯ ಮೌಲ್ಯಮಾಪನ ಅದೊಂದೇ. ಸರ್ಕಾರದ್ದೂ ಅದೇ ಆಗಲಿ.