ಪರಮಾಣುಗಳ ಶ್ರುತಿ

ಅತಿಶೀತಲ ಪರಮಾಣುಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಶೈತ್ಯದ ದಾಖಲೆಯೊಂದೇ ತಲೆಬರಹವಾಗುವುದನ್ನು ಕಂಡಿದ್ದೇನೆ. ನಿರಪೇಕ್ಷ ಶೂನ್ಯಕ್ಕೆ ಇಷ್ಟು ಸಮೀಪ, ಅಷ್ಟು ಸಮೀಪ ಎಂಬ ಲೆಕ್ಕದ ಗದ್ದಲದಲ್ಲಿ, ಆ ಶೈತ್ಯದಿಂದ ಏನು ಸಾಧ್ಯವಾಯಿತೋ ಆ ಸಂಗತಿಯೇ ಓದುಗನ ಕಿವಿಗೆ ಬೀಳದೆ ಹೋಗುತ್ತದೆ. ಶೈತ್ಯವೆಂಬುದು ಕಚೇರಿಗೆ ಮುನ್ನ ಸಭೆ ನಿಶ್ಶಬ್ದವಾದಂತೆ. ಆಮೇಲೆ ತಂಬೂರಿಯ ಬಿರಡೆ ತಿರುಗಿಸಿ ಶ್ರುತಿಗೂಡಿಸುವ ಕಾರ್ಯ ಕಾಂತಕ್ಷೇತ್ರದ್ದು.

ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುವಂತೆ ಕಾಂತಕ್ಷೇತ್ರವು ಪರಮಾಣುಗಳನ್ನು ಒಂದರ ಮೇಲೊಂದು ಎಳೆದುಹಾಕುವುದೆಂದು ಯಾರೂ ಭಾವಿಸತಕ್ಕದ್ದಲ್ಲ. ಸಂಘಟ್ಟಿಸಲು ಬರುವ ಎರಡು ಪರಮಾಣುಗಳ ಶಕ್ತಿ ಒಂದು, ಅವು ಕೂಡಿ ಕ್ಷಣಕಾಲ ಆಗಬಹುದಾದ ಅಣುವಿನ ಶಕ್ತಿ ಇನ್ನೊಂದು. ಈ ಎರಡು ಸ್ಥಿತಿಗಳ ಕಾಂತಗುಣ ಭಿನ್ನವಾದುದರಿಂದ, ಕ್ಷೇತ್ರ ಏರಿದಂತೆ ಅವುಗಳ ಶಕ್ತಿಗಳು ಬೇರೆಬೇರೆ ಪ್ರಮಾಣದಲ್ಲಿ ಸರಿದು, ಯಾವುದೋ ಒಂದು ನಿಯತ ಬೆಲೆಯಲ್ಲಿ ಸಮವಾಗುತ್ತವೆ. ಆ ನೆಲೆಯ ಒಂದು ಮಗ್ಗುಲಲ್ಲಿ ಪರಮಾಣುಗಳ ನಡುವೆ ವಿಕರ್ಷಣೆ, ಮತ್ತೊಂದರಲ್ಲಿ ಆಕರ್ಷಣೆ. ಬಿಸಿಯಾದ ಅನಿಲದಲ್ಲಿ ಪರಮಾಣುಗಳ ಶಕ್ತಿ ಬಗೆಬಗೆಯಾಗಿ ಚದರಿರುವುದರಿಂದ ಈ ಮೇಳ ಕೇಳಿಸದು.

ಶಕ್ತಿಗಳ ಈ ಮೇಳಕ್ಕೆ ಫೆಶ್‌ಬಾಕ್ ಅನುರಣನೆ ಎಂದು ಹೆಸರು. ಹರ್ಮನ್ ಫೆಶ್‌ಬಾಕ್ 1958ರಲ್ಲಿ ತಮ್ಮ ಸಿದ್ಧಾಂತವನ್ನು ರಚಿಸಿದುದು ನ್ಯೂಕ್ಲಿಯಸ್ಸಿನ ಕ್ರಿಯೆಗಳಿಗಾಗಿ; ನಲವತ್ತು ವರ್ಷಗಳ ತರುವಾಯ, ಅವರು ಅಧ್ಯಾಪಕರಾಗಿದ್ದ ಎಂಐಟಿಯಲ್ಲಿಯೇ, ವೋಲ್ಫ್‌ಗ್ಯಾಂಗ್ ಕೆಟರ್ಲಿಯವರ ತಂಡ ಸೋಡಿಯಂ ಪರಮಾಣುಗಳಲ್ಲಿ 907 ಗೌಸ್ ಕಾಂತಕ್ಷೇತ್ರದ ಸುಮಾರಿಗೆ ಆ ಅನುರಣನೆಯನ್ನು ಕಂಡಿತು. ಕಾಂತಕ್ಷೇತ್ರವನ್ನೇ ಬೋನಾಗಿ ಬಳಸಿದರೆ ಅದನ್ನು ಬೇಕಾದಂತೆ ತಿರುಗಿಸಲು ಸ್ವಾತಂತ್ರ್ಯವಿರದೆಂದು, ಅವರು ಪರಮಾಣುಗಳನ್ನು ಲೇಸರ್ ಬೆಳಕಿನಲ್ಲಿ ಹಿಡಿದಿಟ್ಟಿದ್ದರು. ಈ ಜಾಣತನವನ್ನು ಯಾವ ತಲೆಬರಹವೂ ಹೇಳುವುದಿಲ್ಲ.

ರುಬಿಡಿಯಂ-85ರ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಪರಮಾಣುಗಳಲ್ಲಿ ಸಹಜವಾಗಿ ಆಕರ್ಷಣೆಯಿರುವುದರಿಂದ, ಅವೆಲ್ಲ ಒಂದೇ ಸ್ಥಿತಿಯಲ್ಲಿ ಒಂದಾಗುವ ಬೋಸ್-ಐನ್‌ಸ್ಟೈನ್ ಸಂಘನಿತ ದೊಡ್ಡದಾಗಿ ಬೆಳೆಯದು. ಅಮೆರಿಕದ ಬೌಲ್ಡರ್ ನಗರದ ವಿಜ್ಞಾನಿಗಳು ಭೂಮಿಯ ಕ್ಷೇತ್ರಕ್ಕಿಂತ ನೂರಾರು ಪಟ್ಟು ಪ್ರಬಲವಾದ, 155 ಗೌಸ್‌ನ ಸಮೀಪದ ಕ್ಷೇತ್ರದಿಂದ ಆ ಆಕರ್ಷಣೆಯನ್ನು ವಿಕರ್ಷಣೆಯಾಗಿ ಮಾರ್ಪಡಿಸಿ ಸಂಘನಿತವನ್ನು ಪಡೆದರು. ಬಳಿಕ ಕ್ಷೇತ್ರವನ್ನು ಥಟ್ಟನೆ ಬದಲಿಸಿ ಆಕರ್ಷಣೆಯನ್ನು ಮರಳಿಸಿದಾಗ, ಆ ಪುಟ್ಟ ಮೋಡ ಕುಗ್ಗಿ, ಸಿಡಿದು, ಒಂದು ತುಣುಕನ್ನು ಉಳಿಸಿ, ಸುಮಾರು ಅರ್ಧದಷ್ಟು ಪರಮಾಣುಗಳನ್ನು ಲೆಕ್ಕಕ್ಕೆ ಸಿಗದಂತೆ ಕಳೆದುಕೊಂಡಿತು. ಬಿರಡೆ ಮನುಷ್ಯನ ಕೈಯಲ್ಲಿದ್ದೂ ರಾಗ ಅವನು ನೆನೆಯದ ಕಡೆಗೆ ಹೊರಳಿತು! 2001ರಲ್ಲಿ ಪ್ರಕಟವಾದ ಈ ಸ್ಫೋಟಕ್ಕೆ ಅವರು ಇಟ್ಟ ಹೆಸರು ಬೋಸನೋವಾ. ಅದರಲ್ಲಿ ನಮ್ಮ ಸತ್ಯೇಂದ್ರನಾಥ ಬೋಸರೂ ಇದ್ದಾರೆ.

ಮುಂದಿನ ಬಾರಿ ಶೈತ್ಯದ ದಾಖಲೆಯನ್ನು ಅಚ್ಚುಹಾಕುವ ಮುನ್ನ, ಕ್ಷೇತ್ರ ಎಷ್ಟು ಗೌಸ್ ಇತ್ತೆಂಬುದನ್ನೂ ಸಂಪಾದಕರು ದಯಮಾಡಿ ವಿಚಾರಿಸಲಿ.