ಸೇದದವರ ಎದೆಯೊಳಗೂ ಹೊಗೆ

"ನಮ್ಮವರು ಕಿಟಕಿಯ ಬಳಿ ನಿಂತೇ ಸಿಗರೇಟು ಸೇದುತ್ತಾರೆ. ಫ್ಯಾನೂ ತಿರುಗುತ್ತಿರುತ್ತದೆ. ಮಕ್ಕಳಿಗೇನೂ ಆಗದು" ಎಂದು ಸಮಾಧಾನ ಪಟ್ಟುಕೊಳ್ಳುವ ಸಹೋದರಿಯರು ಅನೇಕ. ಹೊಗೆ ಕಣ್ಣಿಗೆ ಕಾಣದಾದರೆ, ವಾಸನೆ ಮೂಗಿಗೆ ಬಡಿಯದಿದ್ದರೆ ಅದು ಹೊರಟು ಹೋಯಿತೆಂದೇ ನಾವು ಭಾವಿಸುತ್ತೇವೆ. ಆದರೆ ಮುಚ್ಚಿದ ಕೋಣೆಯ ಗಾಳಿಯನ್ನು ಅಳೆದು ನೋಡಿದವರು ಹೇಳುವುದೇ ಬೇರೆ.

1981ರಲ್ಲಿ ಜಪಾನಿನ ತಕೇಶಿ ಹಿರಾಯಾಮ ಒಂದು ಅಧ್ಯಯನವನ್ನು ಪ್ರಕಟಿಸಿದರು. ತಾವು ಎಂದೂ ಸೇದದ, ನಲವತ್ತು ದಾಟಿದ 91,540 ಗೃಹಿಣಿಯರ ಆರೋಗ್ಯವನ್ನು 14 ವರ್ಷಗಳ ಕಾಲ ಗಮನಿಸಲಾಗಿತ್ತು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ತಂಬಾಕು ಕಂಪೆನಿಗಳು ಇದನ್ನು ಅಲ್ಲಗಳೆಯಲು ಬಹಳ ಶ್ರಮಿಸಿದವು. ಗಂಡ ದಿನಕ್ಕೆಷ್ಟು ಸೇದುತ್ತಾನೆಂದು ಕೇಳಿ ತಿಳಿಯಬಹುದು, ಆದರೆ ಹೆಂಡತಿ ಉಸಿರಾಡಿದ ಹೊಗೆ ಎಷ್ಟು? ಇದಕ್ಕೆ ಉತ್ತರ ಬೇಕಾದರೆ ಅಳೆಯಲೇಬೇಕು.

ಅಳೆಯುವ ವಿಧಾನಗಳು ಮುಖ್ಯವಾಗಿ ಮೂರು.

ಮೊದಲನೆಯದು, ಗಾಳಿಯಲ್ಲಿರುವ ಸೂಕ್ಷ್ಮ ಕಣಗಳ ಅಳತೆ. ಇದನ್ನು ಪಿಎಂ 2.5 ಎನ್ನುತ್ತಾರೆ. ಈ ಕಣಗಳು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣವು. ಆದ್ದರಿಂದಲೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕೈಯಲ್ಲಿ ಹಿಡಿಯಬಹುದಾದ ಯಂತ್ರವೊಂದು ಕೋಣೆಯ ಗಾಳಿಯನ್ನು ಒಳಗೆಳೆದು, ಅದರ ಮೇಲೆ ಬೆಳಕು ಹಾಯಿಸಿ, ಬೆಳಕು ಚದುರುವುದನ್ನು ನೋಡಿ ಲೆಕ್ಕ ಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದು. ಕಿಟಕಿ ಮುಚ್ಚಿದ ಕಾರಿನೊಳಗೆ ಸಿಗರೇಟು ಸೇದಿದಾಗ ಕೆಲವು ಅಳತೆಗಳಲ್ಲಿ ಇದು ಸಾವಿರವನ್ನೂ ದಾಟಿದೆ. ಹಿಂದಿನ ಸೀಟಿನಲ್ಲಿ ಕುಳಿತ ಮಗು ಉಸಿರಾಡುವುದು ಅದನ್ನೇ.

ಆದರೆ ಈ ಯಂತ್ರಕ್ಕೆ ಒಂದು ಮಿತಿಯಿದೆ. ಅಡುಗೆ ಮನೆಯ ಒಗ್ಗರಣೆ, ಸೌದೆ ಒಲೆ, ಲೋಬಾನ, ಸೊಳ್ಳೆ ಬತ್ತಿ ಎಲ್ಲದರ ಹೊಗೆಯನ್ನೂ ಅದು ಒಟ್ಟಿಗೇ ಎಣಿಸುತ್ತದೆ. ಹಾಗಾಗಿ ಎರಡನೆಯ ವಿಧಾನ ಬಂತು. 1987ರಲ್ಲಿ ಅಮೆರಿಕದ ಕ್ಯಾಥರಿನ್ ಹ್ಯಾಮಂಡ್ ಮತ್ತು ಬ್ರಯಾನ್ ಲೀಡರರ್ ಒಂದು ಪುಟ್ಟ ಡಬ್ಬಿಯ ವಿವರ ನೀಡಿದರು. ಅದರೊಳಗೆ ರಾಸಾಯನಿಕ ಲೇಪಿಸಿದ ಫಿಲ್ಟರ್ ಇರುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ವಾರಗಟ್ಟಲೆ ಗೋಡೆಗೆ ತೂಗು ಹಾಕಿದರೆ ಗಾಳಿಯಲ್ಲಿರುವ ನಿಕೋಟಿನ್ ತಾನಾಗಿ ಅದಕ್ಕೆ ಅಂಟುತ್ತದೆ. ಒಲೆಯ ಹೊಗೆಯಲ್ಲಾಗಲಿ ಲೋಬಾನದಲ್ಲಾಗಲಿ ನಿಕೋಟಿನ್ ಇಲ್ಲ. ಅದು ತಂಬಾಕಿನದ್ದೇ ಗುರುತು.

ಮೂರನೆಯದು ಮನುಷ್ಯನ ದೇಹದಲ್ಲೇ ಅಳೆಯುವುದು. ಒಳಹೋದ ನಿಕೋಟಿನ್ ಪಿತ್ತಜನಕಾಂಗದಲ್ಲಿ ಕೊಟಿನಿನ್ ಎಂಬ ವಸ್ತುವಾಗುತ್ತದೆ. ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಸಾಕು, ಕೊಟಿನಿನ್‌ಗೆ ಹದಿನಾರು ಗಂಟೆಯಾದರೂ ಬೇಕು. ಆದ್ದರಿಂದ ಜೊಲ್ಲು, ಮೂತ್ರ ಅಥವಾ ರಕ್ತ ಪರೀಕ್ಷಿಸಿದರೆ ಕಳೆದ ಎರಡು ಮೂರು ದಿನಗಳ ಲೆಕ್ಕ ಸಿಗುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಅದರಲ್ಲಿರುವ ನಿಕೋಟಿನ್ ಹಲವು ತಿಂಗಳುಗಳ ಕಥೆ ಹೇಳುತ್ತದೆ. ಬೀಡಿ, ಸಿಗರೇಟು ಮುಟ್ಟದ ಮಗುವಿನ ಮೂತ್ರದಲ್ಲೂ ಕೊಟಿನಿನ್ ಕಂಡುಬಂದಿದೆ.

ಅಳತೆಗಳಿಂದ ಸ್ಪಷ್ಟವಾದದ್ದೇನು? ಕಿಟಕಿ ತೆರೆದರೆ ಹೊಗೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಫ್ಯಾನು ಅದನ್ನು ಕೋಣೆಯಿಂದ ಕೋಣೆಗೆ ಹರಡುತ್ತದೆ. ಗಾಳಿ ಶುದ್ಧೀಕರಿಸುವ ಯಂತ್ರವೂ ಪೂರ್ತಿ ರಕ್ಷಣೆ ನೀಡದು. ಪರೋಕ್ಷ ಧೂಮಪಾನಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದ್ದಾರೆ. ಪರಿಹಾರವೂ ಅಳತೆಯಿಂದಲೇ ಸಿಕ್ಕಿದೆ. ಐರ್ಲೆಂಡಿನಲ್ಲಿ 2004ರ ಮಾರ್ಚ್‌ನಲ್ಲಿ ಕೆಲಸದ ಸ್ಥಳಗಳೊಳಗೆ ಧೂಮಪಾನ ನಿಷೇಧವಾದ ಬಳಿಕ ಡಬ್ಲಿನ್‌ನ ಪಬ್‌ಗಳ ಗಾಳಿಯಲ್ಲಿ ಸೂಕ್ಷ್ಮ ಕಣಗಳು ಶೇ. 80ಕ್ಕೂ ಹೆಚ್ಚು ಇಳಿದವು.

ನಮ್ಮ ದೇಶದಲ್ಲೂ 2003ರ ಕಾನೂನು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. ಆದರೆ ಆ ಕಾನೂನು ನಮ್ಮ ಹೊಸ್ತಿಲ ಹೊರಗೇ ನಿಲ್ಲುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 38.7 ಮಂದಿ ಮನೆಯಲ್ಲೇ ಇತರರ ಹೊಗೆ ಸೇವಿಸುತ್ತಿದ್ದರು. ಹಗಲಿಡೀ ಮನೆಯೊಳಗಿರುವ ತಾಯಿ, ಬಾಣಂತಿ ಮತ್ತು ಹಸುಳೆಗಳಿಗೆ ತಪ್ಪಿಸಿಕೊಳ್ಳಲು ಬೇರೆ ಜಾಗವಾದರೂ ಎಲ್ಲಿದೆ? ಗರ್ಭಿಣಿಗೆ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ, ಮಕ್ಕಳಿಗೆ ಅಸ್ತಮಾ, ಕಿವಿಯ ಸೋಂಕು, ನ್ಯುಮೋನಿಯಾ ಇದರ ಫಲ.

ಆದ್ದರಿಂದ ಸಹೋದರಿಯರೇ, ಮನೆಗೊಂದು ನಿಯಮ ಮಾಡಿ. ಮನೆಯೊಳಗೆ, ಕಾರಿನೊಳಗೆ ಯಾರೂ ಸೇದಬಾರದು, ಅತಿಥಿಯೂ ಸಹ. ಜಗಳಕ್ಕೆ ನಿಲ್ಲಬೇಡಿ. ಮಾವನವರಿಗೆ ಹೇಳಲು ಸಂಕೋಚವಾದರೆ ಅಂಗಳದಲ್ಲಿ, ಬಾಗಿಲಿನಿಂದ ದೂರ ಒಂದು ಕುರ್ಚಿ ಹಾಕಿಡಿ. ಮಗುವನ್ನು ವೈದ್ಯರಲ್ಲಿಗೆ ಒಯ್ಯುವಾಗ ಮಗುವಿನ ತಂದೆಯನ್ನೂ ಕರೆದೊಯ್ದು, ಈ ಮಾತನ್ನು ವೈದ್ಯರ ಬಾಯಿಂದಲೇ ಹೇಳಿಸಿ. ಬಿಡಬೇಕೆಂಬ ಮನಸ್ಸಿದ್ದೂ ಬಿಡಲಾಗದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ. ಆ ಸಂಖ್ಯೆಯನ್ನು ಅವರ ಫೋನಿನಲ್ಲಿ ಇಂದೇ ಬರೆದುಕೊಡಿ.