ನಂದಿಗೆ ಬಂದವರು ಪೇಟೆಗೂ ಬರಲಿ

ವಾರಾಂತ್ಯದ ನಸುಕಿನಲ್ಲಿ ನಂದಿಬೆಟ್ಟದ ತಿರುವುಗಳಲ್ಲಿ ವಾಹನಗಳ ಸಾಲು ನಿಲ್ಲುತ್ತದೆ. ಸೂರ್ಯೋದಯ ನೋಡಿದವರಲ್ಲಿ ಬಹುಪಾಲು ಜನ ಮಧ್ಯಾಹ್ನದೊಳಗೆ ಬೆಂಗಳೂರಿಗೆ ಮರಳುತ್ತಾರೆ. 2023ರ ಜನವರಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ ಅನಾವರಣಗೊಂಡ ನಂತರ ಸಂಜೆಯ ವೇಳೆಗೂ ಜನ ಬರತೊಡಗಿದ್ದಾರೆ. ಆದರೆ ಈ ಜನಸಂದಣಿಯಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಪೇಟೆಗೆ ದೊರೆಯುವ ವ್ಯಾಪಾರ ಅತ್ಯಲ್ಪ.

ಈ ವಿಷಯದಲ್ಲಿ ಕರಾವಳಿಯ ಮಾದರಿ ಗಮನಾರ್ಹ. ಉಡುಪಿಗೆ ಬಂದ ಯಾತ್ರಿಕನು ಕೃಷ್ಣಮಠದ ದರ್ಶನ ಮುಗಿಸಿ ಮಲ್ಪೆಯ ಕಡಲತೀರಕ್ಕೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ, ಮರುದಿನ ಮರವಂತೆ, ಕೊಲ್ಲೂರು, ಮುರ್ಡೇಶ್ವರಗಳಿಗೆ ಸಾಗುತ್ತಾನೆ. ಒಂದು ಸ್ಥಳ ಮತ್ತೊಂದಕ್ಕೆ ದಾರಿ ತೋರುವುದರಿಂದ ಆತ ರಾತ್ರಿ ತಂಗುತ್ತಾನೆ; ತಂಗಿದವನು ಕೊಳ್ಳುತ್ತಾನೆ.

ಇಂತಹ ಕೊಂಡಿಗಳು ಈ ಜಿಲ್ಲೆಯಲ್ಲಿಯೂ ಇವೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ, ಚಿಂತಾಮಣಿ ತಾಲ್ಲೂಕಿನ ಕೈವಾರ, ಕೈಲಾಸಗಿರಿ ಮತ್ತು ಮುರುಗಮಲ್ಲ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಇವೆಲ್ಲ ಎರಡು ದಿನಗಳ ಪ್ರವಾಸಕ್ಕೆ ಸಾಕು. ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ರೈಲು ಮಾರ್ಗ ಬೆಸೆದಿದೆ.

ಶಿಡ್ಲಘಟ್ಟದಲ್ಲಿ ನೋಡತಕ್ಕದ್ದು ಅಲ್ಲಿನ ಕಸುಬೇ. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ಅಲ್ಲಿದೆ. ಗೂಡಿನ ಹರಾಜು, ಬಿಸಿನೀರಿನಲ್ಲಿ ಎಳೆ ಬಿಚ್ಚುವ ಕೆಲಸ, ನೂಲು ಹುರಿಗೊಳ್ಳುವ ಬಗೆ ನಗರವಾಸಿಗಳಿಗೆ ಹೊಸ ಅನುಭವ. ಆದರೆ ನೂಲಿನ ಬಹುಭಾಗ ಬೇರೆ ಊರುಗಳಲ್ಲಿ ಸೀರೆಯಾಗಿ, ಆ ಊರಿನ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಕೆಲವು ರೀಲರುಗಳು ಒಂದುಗೂಡಿ ಪ್ರದರ್ಶನ ಘಟಕ ಮತ್ತು ಮಳಿಗೆ ತೆರೆದರೆ ಈ ಹೆಸರೂ ಲಾಭದ ಪಾಲೂ ಊರಿನಲ್ಲೇ ಉಳಿಯುತ್ತವೆ. ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಬೆಳೆಗಾರರಿಗೂ ಇದೇ ಮಾತು ಅನ್ವಯ.

ನಂದಿಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆ ನೆರವೇರಿತು. ಅದರಿಂದ ಬೆಟ್ಟದ ಮೇಲಿನ ವಾಹನ ದಟ್ಟಣೆ ತಗ್ಗಬಹುದು. ಆದರೆ ಬೇಗ ಏರಿದವನು ಬೇಗ ಇಳಿದು ಊರಿಗೆ ಹೊರಟರೆ ಪೇಟೆಗೆ ಬರುವ ಲಾಭವೇನು?

ಪ್ರವಾಸಿಗಳು ಹೆಚ್ಚಿದರೆ ಕಸ ಹೆಚ್ಚೀತು, ನೀರಿನ ಕೊರತೆ ಬಿಗಡಾಯಿಸೀತು ಎಂಬ ಆತಂಕ ನಿರಾಧಾರವಲ್ಲ. ಶಾಶ್ವತ ನದಿಯಿಲ್ಲದ ಜಿಲ್ಲೆಯಿದು. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿಗಳು ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಆದ್ದರಿಂದಲೇ ಜನರನ್ನೆಲ್ಲ ಒಂದೇ ಬೆಟ್ಟದ ಮೇಲೆ ಹೇರದೆ ನಾಲ್ಕು ಪಟ್ಟಣಗಳಿಗೆ ಹಂಚುವುದು ಲೇಸು.

ಇದಕ್ಕೆಲ್ಲ ಸರ್ಕಾರದ ಅನುದಾನವನ್ನೇ ಕಾಯಬೇಕಾಗಿಲ್ಲ. ಶುಚಿಯಾದ ಶೌಚಾಲಯ, ನಿಗದಿತ ದರಪಟ್ಟಿ, ಭಾನುವಾರವೂ ತೆರೆದ ಅಂಗಡಿ, ನಾಲ್ಕೂ ಪಟ್ಟಣಗಳ ದಾರಿ ತೋರುವ ಒಂದು ನಕ್ಷೆ, ಇವಿಷ್ಟು ವರ್ತಕ ಸಂಘಗಳ ಶಕ್ತಿಯೊಳಗಿನ ಕೆಲಸ. ಬೆಟ್ಟಕ್ಕೆ ಬರುವ ಗಿರಾಕಿ ಪ್ರತಿ ವಾರವೂ ಬರುತ್ತಿದ್ದಾನೆ. ಅವನನ್ನು ಪೇಟೆಗೆ ಕರೆಯುವ ಹೊಣೆ ಪೇಟೆಯದೇ.